ನಿಮಗಿದು ಗೊತ್ತೇ? ಗುಳ್ಳೆಯ ಗುಟ್ಟು, ಹಣ್ಣಿನ ರುಚಿ

ಅಂಗಡಿಯ ಬಣ್ಣಬಣ್ಣದ ಸೋಡಾ ಬಾಟಲಿಯೊಳಗೆ ಮುಖ್ಯವಾಗಿ ಇರುವುದು ಐದೇ: ನೀರು, ಸಕ್ಕರೆ, ಹುಳಿ, ಪರಿಮಳ, ಅನಿಲ. ಐದನ್ನೂ ಮನೆಯ ಅಡುಗೆಕಟ್ಟೆಯಲ್ಲೇ ಕೂಡಿಸಬಹುದು. ಮೊದಲ ನಾಲ್ಕು ಹೇಳಿದಂತೆ ಕೇಳುತ್ತವೆ, ಅನಿಲವೊಂದೇ ಹಟಮಾರಿ. ಅದರ ಸ್ವಭಾವ ಅರಿತವರ ಕೈಯಲ್ಲಿ ಯಾವ ಹಣ್ಣೂ ಸೋಡಾ ಆಗುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಶುರುವಾದದ್ದು ಹೀಗೆ

● ಸೋಡಾ ನೀರು ಹುಟ್ಟಿದ್ದು ಬಿಯರ್ ಭಟ್ಟಿಯಲ್ಲಿ! 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿ, ನೆರೆಯ ಭಟ್ಟಿಯಲ್ಲಿ ಬಿಯರ್ ಹುದುಗುತ್ತಿದ್ದ ತೊಟ್ಟಿಯ ಮೇಲೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೋಡಿದರು. ತೊಟ್ಟಿಯ ಮೇಲೆ ಮಡುಗಟ್ಟಿದ್ದ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು, ನಾಲಿಗೆಗೆ ಚುರುಕು ಮುಟ್ಟಿಸುವ ನೀರು ಸಿಕ್ಕಿತು.

● ಅದೇ ಪ್ರೀಸ್ಟ್ಲಿ 1772ರಲ್ಲಿ ಭಟ್ಟಿಯ ನೆರವಿಲ್ಲದೆ ಸೋಡಾ ಮಾಡುವ ವಿಧಾನವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. ಸೀಮೆಸುಣ್ಣದ ಪುಡಿಗೆ ಗಂಧಕಾಮ್ಲ ಹಾಕಿ, ಏಳುವ ಅನಿಲವನ್ನು ನೀರಿಗೆ ಹಾಯಿಸುವುದು ಅವರ ಉಪಾಯ. ಮರುವರ್ಷ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು. ಹಣ ಮಾತ್ರ ಬರಲಿಲ್ಲ, ಅವರು ಅದನ್ನು ವ್ಯಾಪಾರ ಮಾಡಲೇ ಇಲ್ಲ.

● ವ್ಯಾಪಾರ ಮಾಡಿದವರು ಯೋಹಾನ್ ಯಾಕೋಬ್ ಶ್ವೆಪ್. 1783ರಲ್ಲಿ ಜಿನೀವಾದಲ್ಲಿ ಆರಂಭ, 1792ರಲ್ಲಿ ಲಂಡನ್ನಿಗೆ ಪಯಣ. ‘ಶ್ವೆಪ್ಸ್’ ಬಾಟಲಿಯ ಮೇಲೆ ಇಂದಿಗೂ ಇರುವುದು ಅವರ ಹೆಸರೇ.

● ನಾವಿಕರ ಸ್ಕರ್ವಿ ರೋಗಕ್ಕೆ ಸೋಡಾ ನೀರು ಮದ್ದಾದೀತು ಎಂದು ಆಗ ನಂಬಿದ್ದರು. 1772ರಲ್ಲಿ ಹೊರಟ ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದ ಹಡಗುಗಳಿಗೆ ಅದಕ್ಕೆಂದೇ ಸೋಡಾ ಮಾಡುವ ಸಲಕರಣೆಯನ್ನೂ ಹತ್ತಿಸಿದ್ದರು. ಸ್ಕರ್ವಿಗೆ ಬೇಕಿದ್ದದ್ದು ‘ಸಿ’ ಜೀವಸತ್ವ. ಸೋಡಾಕ್ಕಿಂತ ಅದಕ್ಕೆ ಹಿಂಡುವ ನಿಂಬೆಹಣ್ಣೇ ನಿಜವಾದ ಮದ್ದು.

● ಮನೆಯಲ್ಲೇ ಸೋಡಾ ಮಾಡುವ ‘ಕಿಟ್’ ಹೊಸ ಕಾಲದ ಸರಕಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಚಾರ್ಲ್ಸ್ ಹೈರ್ಸ್ ಎಂಬ ಔಷಧ ವ್ಯಾಪಾರಿ ‘ರೂಟ್ ಬಿಯರ್’ ಪಾನೀಯವನ್ನು ಜನರ ಮುಂದಿಟ್ಟರು. ಬೇರು-ತೊಗಟೆಗಳ ಪೊಟ್ಟಣವನ್ನೂ ಅವರು ಮಾರುತ್ತಿದ್ದರು. ಕೊಂಡವರು ಮನೆಯಲ್ಲಿ ನೀರು, ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿದರಾಯಿತು.

● ಗುಂಡಿ ಒತ್ತಿ ನೀರಿಗೆ ಅನಿಲ ತುಂಬುವ ‘ಸೋಡಾಸ್ಟ್ರೀಮ್’ ಯಂತ್ರದ ಮೂಲ 1903ರದು. ಲಂಡನ್ನಿನ ಗೈ ಗಿಲ್ಬಿ ಎಂಬವರು ರೂಪಿಸಿದ್ದು.

ಅನಿಲದ ಹಟ

● ಸಾಮಾನ್ಯ ಒತ್ತಡದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. 20 ಡಿಗ್ರಿಗೆ ಬಂದರೆ ಅದು ಸುಮಾರು 1.7 ಗ್ರಾಂಗೆ ಇಳಿಯುತ್ತದೆ. ಸೋಡಾ ತಣ್ಣಗಿರಬೇಕು ಎನ್ನುವುದು ನಾಲಿಗೆಯ ಚಪಲ ಮಾತ್ರವಲ್ಲ, ಅನಿಲದ ಷರತ್ತು.

● ಒತ್ತಡ ಎರಡು ಪಟ್ಟಾದರೆ ಕರಗುವ ಅನಿಲವೂ ಎರಡು ಪಟ್ಟು. 1803ರಲ್ಲಿ ವಿಲಿಯಂ ಹೆನ್ರಿ ಕಂಡುಕೊಂಡ ಈ ನಿಯಮದ ಮೇಲೆಯೇ ಇಡೀ ಸೋಡಾ ಉದ್ಯಮ ನಿಂತಿದೆ. ಮುಚ್ಚಳ ತೆರೆದಾಗ ಬರುವ ‘ಬುಸ್ಸ್’ ಸದ್ದು ಆ ಒತ್ತಡ ಬಿಡುಗಡೆಯಾದ ಗುರುತು.

● ಅಂಗಡಿಯ ಸೋಡಾದಲ್ಲಿ ಲೀಟರಿಗೆ ಸುಮಾರು 6ರಿಂದ 8 ಗ್ರಾಂ ಅನಿಲವಿರುತ್ತದೆ. ಹಳೆಯ ಸಿನಿಮಾಗಳಲ್ಲಿ ಕಾಣುವ ಸೋಡಾ ಸೈಫನ್ನಿಗೆ ಹಾಕುವ ಪುಟ್ಟ ಉಕ್ಕಿನ ಗುಂಡಿನಲ್ಲಿ 8 ಗ್ರಾಂ. ಒಂದು ಲೀಟರ್ ನೀರಿಗೆ ಅಷ್ಟು ಸಾಕು.

● ಗುಳ್ಳೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಒಂದು ಒರಟು ಜಾಗ, ಒಂದು ಕಣ, ಒಂದು ನಾರು ಬೇಕು. ಸೋಡಾಕ್ಕೆ ಚಿಟಿಕೆ ಉಪ್ಪು ಹಾಕಿದೊಡನೆ ನೊರೆ ಉಕ್ಕುವುದು ಇದಕ್ಕೇ. ಉಪ್ಪು-ನಿಂಬೆ ಸೋಡಾ ಮಾಡುವಾಗ ಉಪ್ಪನ್ನು ಮೊದಲು ನಿಂಬೆರಸದಲ್ಲೇ ಕರಗಿಸಿ, ಆಮೇಲೆ ಸೋಡಾ ಸುರಿಯಿರಿ. ಒಂದು ಹನಿಯೂ ಮೇಜಿಗೆ ಚೆಲ್ಲದು.

● ಹಣ್ಣಿನ ತಿರುಳೂ ಹಾಗೆಯೇ. ಮಾವಿನ ರಸವನ್ನು ಸೋಸದೆ ಸೋಡಾಕ್ಕೆ ಬೆರೆಸಿದರೆ ನಾರಿನ ಒಂದೊಂದು ಎಳೆಯೂ ಗುಳ್ಳೆಗಳ ಕಾರ್ಖಾನೆ. ಅರ್ಧ ಅನಿಲ ಲೋಟ ತುಂಬುವ ಮೊದಲೇ ಹೋಗಿರುತ್ತದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದ ತಿಳಿರಸವೇ ಸೋಡಾಕ್ಕೆ ಸರಿ.

● ಸೋಡಾ ಯಂತ್ರಕ್ಕೆ ಹಣ್ಣಿನ ರಸ ಹಾಕಿ ಅನಿಲ ತುಂಬಲು ಹೋಗಬೇಡಿ. ರಸದಲ್ಲಿರುವ ಪೆಕ್ಟಿನ್, ಸಕ್ಕರೆಗಳಿಂದ ನೊರೆ ಯಂತ್ರದ ಬಾಯಿಯವರೆಗೂ ಏರುತ್ತದೆ. ಮೊದಲು ಬರಿಯ ತಣ್ಣೀರಿಗೆ ಅನಿಲ, ಆಮೇಲೆ ರಸ. ಈ ಕ್ರಮ ತಪ್ಪಬಾರದು.

● ಮಂಜುಗಡ್ಡೆಯ ತುಂಡುಗಳನ್ನು ಲೋಟಕ್ಕೆ ಹಾಕುವ ಮುನ್ನ ಒಮ್ಮೆ ತಣ್ಣೀರಿನಲ್ಲಿ ತೊಳೆಯಿರಿ. ಮೇಲಿನ ಒರಟು ಕರಗಿ ನುಣುಪಾಗುತ್ತದೆ, ಗುಳ್ಳೆ ಕಡಿಮೆ ಏಳುತ್ತದೆ, ಸೋಡಾದ ಖಾರ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಣ್ಣು, ಸಕ್ಕರೆ, ಹುಳಿ

● ನಿಂಬೆಯ ಹುಳಿ ರಸದಲ್ಲಿದೆ, ಪರಿಮಳ ಬಹುಪಾಲು ಸಿಪ್ಪೆಯಲ್ಲಿ. ಸಿಪ್ಪೆಯ ಹಳದಿ ಪದರವನ್ನಷ್ಟೇ ತೆಳ್ಳಗೆ ಹೆರೆದು ಸಕ್ಕರೆಯಲ್ಲಿ ಕಲಸಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಸಕ್ಕರೆ ತೊಯ್ದು, ಲಿಮೊನೀನ್ ಎಂಬ ಸುಗಂಧ ತೈಲ ಪಾಕಕ್ಕೆ ಇಳಿದಿರುತ್ತದೆ. ಒಳಗಿನ ಬಿಳಿ ಪದರ ಸೇರಿದರೆ ಮಾತ್ರ ಕಹಿ.

● ಕುದಿಸಿದ ಪಾಕ ಎಲ್ಲ ಹಣ್ಣಿಗೂ ಒಗ್ಗುವುದಿಲ್ಲ. ಸ್ಟ್ರಾಬೆರಿ, ಕಿತ್ತಳೆಯಂಥ ನವಿರು ಪರಿಮಳ ಬಿಸಿಗೆ ಆವಿಯಾಗಿಬಿಡುತ್ತದೆ. ಹೆಚ್ಚಿದ ಸ್ಟ್ರಾಬೆರಿಗೆ ಅರ್ಧ ತೂಕದ ಸಕ್ಕರೆ ಬೆರೆಸಿ ಫ್ರಿಜ್ಜಿನಲ್ಲಿಡಿ. ಒಲೆ ಹಚ್ಚದೆಯೇ ಸಕ್ಕರೆ ರಸವನ್ನು ಎಳೆದು ಪಾಕ ಮಾಡಿಕೊಡುತ್ತದೆ. ಶುಂಠಿ, ನೆಲ್ಲಿಕಾಯಿ, ಸೊಗದೆ ಬೇರುಗಳಿಗೆ ಮಾತ್ರ ಕುದಿತ ಬೇಕು.

● ಅಳತೆ ಬಲು ಸುಲಭ: ಒಂದು ಪಾಲು ಹಣ್ಣಿನ ಪಾಕ, ನಾಲ್ಕು ಪಾಲು ತಣ್ಣನೆ ಸೋಡಾ. ಪಾಕ ನೀರಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಆದ್ದರಿಂದ ಪಾಕ ಮೊದಲು, ಸೋಡಾ ಆಮೇಲೆ. ಲೋಟ ಓರೆ ಮಾಡಿ ಅಂಚಿನಿಂದ ಸುರಿದು, ಚಮಚದಿಂದ ತಳವನ್ನು ಒಂದೇ ಸಲ ಎತ್ತಿ ಬಿಡಿ. ಗರಗರ ಕಲಕಿದರೆ ಉಳಿಯುವುದು ಶರಬತ್ತು.

● ಬಾಯಿಗೆ ತಂಪು ತಾಕಿದಾಗ ಸಿಹಿ ಮಂಕಾಗುತ್ತದೆ. ಸಿಹಿಯನ್ನು ಮಿದುಳಿಗೆ ಮುಟ್ಟಿಸುವ ನಾಲಿಗೆಯ ಜೀವಕೋಶಗಳು ಬೆಚ್ಚಗಿದ್ದಾಗ ಹೆಚ್ಚು ಚುರುಕು. ತಂಪು ಬಿಟ್ಟ ಸೋಡಾ ಸಹಿಸಲಾಗದಷ್ಟು ಸಿಹಿ ಅನ್ನಿಸುವುದು ಅದಕ್ಕೇ. ಪಾಕದ ಸಿಹಿ ನೋಡುವುದಾದರೆ ಬೆರೆಸಿ, ತಣಿಸಿ, ಆಮೇಲೆ ನೋಡಿ.

● ಕಲ್ಲಂಗಡಿ, ಪಪ್ಪಾಯಿಗಳ ರಸಕ್ಕೆ ಸೋಡಾ ಬೆರೆಸಿದರೆ ಸಪ್ಪೆ. ಅವುಗಳಲ್ಲಿ ಹುಳಿ ತೀರಾ ಕಡಿಮೆ. ಒಂದು ಚಮಚ ನಿಂಬೆರಸ ಬಿದ್ದರೆ ಅದೇ ಲೋಟ ಎದ್ದು ಕೂರುತ್ತದೆ.

● ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಕೊಡುವ ಸಿಟ್ರಿಕ್ ಆಮ್ಲವನ್ನು ನಿಂಬೆರಸದಿಂದ ಮೊದಲು ಹರಳುಗಟ್ಟಿಸಿದವರು ಸ್ವೀಡನ್ನಿನ ಕಾರ್ಲ್ ಶೀಲೆ, 1784ರಲ್ಲಿ. ಇಂದು ಜಗತ್ತಿಗೆಲ್ಲ ಸಿಗುವ ಸಿಟ್ರಿಕ್ ಆಮ್ಲದ ಬಹುಪಾಲು ನಿಂಬೆಯಿಂದ ಬಂದದ್ದಲ್ಲ, ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆಯನ್ನು ಹುದುಗಿಸಿ ಮಾಡಿದ್ದು!

ಅಡಿಗೆ ಸೋಡಾ ದಾರಿ

● ಯಂತ್ರವಿಲ್ಲದ ಮನೆಯ ಮೊದಲ ಉಪಾಯ ಅಡಿಗೆ ಸೋಡಾ ಮತ್ತು ಹುಳಿ. ಲೆಕ್ಕ ಹೀಗೆ: 4 ಗ್ರಾಂ ಅಡಿಗೆ ಸೋಡಾಕ್ಕೆ 3 ಗ್ರಾಂ ನಿಂಬೆ ಉಪ್ಪು. ಹುಳಿ ಕಡಿಮೆಯಾದರೆ ಸೋಡಾ ಉಳಿದು ಸಾಬೂನಿನ ರುಚಿ ಬರುತ್ತದೆ. ಹುಳಿ ತುಸು ಹೆಚ್ಚಿರುವುದೇ ಕ್ಷೇಮ.

● ಆದರೆ ಈ ದಾರಿಯಲ್ಲಿ ಅಂಗಡಿಯ ಸೋಡಾದ ಖಾರ ನಿರೀಕ್ಷಿಸಬೇಡಿ. ಲೀಟರಿಗೆ 6 ಗ್ರಾಂ ಅನಿಲ ಬೇಕೆಂದರೆ 11 ಗ್ರಾಂಗೂ ಹೆಚ್ಚು ಅಡಿಗೆ ಸೋಡಾ ಹಾಕಬೇಕು. ಅದರಲ್ಲಿರುವ ಸೋಡಿಯಂ 3 ಗ್ರಾಂ ದಾಟುತ್ತದೆ. ದೊಡ್ಡವರಿಗೆ ದಿನವಿಡೀ ಸೇರಿ 2 ಗ್ರಾಂ ಸೋಡಿಯಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಈ ದಾರಿ ಹಿಡಿಯದಿರುವುದೇ ಒಳ್ಳೆಯದು. ಮಿಕ್ಕವರಿಗೂ ಲೋಟಕ್ಕೆ ಚಿಟಿಕೆಯ ಮಟ್ಟಿಗೆ ಸಾಕು.

● ಅಡಿಗೆ ಸೋಡಾ ಬೇರೆ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ. ಎರಡನೆಯದು ಬಾಯಿ, ಗಂಟಲನ್ನು ಸುಡುತ್ತದೆ. ಡಬ್ಬಿಗಳ ಮೇಲೆ ಹೆಸರು ಬರೆದಿಡಿ.

● ನೇರಳೆ ಹಣ್ಣಿನ ರಸಕ್ಕೆ ಅಡಿಗೆ ಸೋಡಾ ಬಿದ್ದರೆ ಕೆನ್ನೇರಳೆ ಬಣ್ಣ ನೀಲಿಯತ್ತ ತಿರುಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಆಂಥೊಸಯನಿನ್ ಎಂಬ ವರ್ಣದ್ರವ್ಯದ ಆಟ ಇದು. ಮಕ್ಕಳಿಗೆ ಆಮ್ಲ-ಪ್ರತ್ಯಾಮ್ಲದ ಪಾಠ ಹೇಳಲು ಇದಕ್ಕಿಂತ ರುಚಿಯಾದ ಪ್ರಯೋಗ ಇನ್ನೊಂದಿಲ್ಲ.

ಯೀಸ್ಟ್ ದಾರಿ

● ಯೀಸ್ಟ್ ಸಕ್ಕರೆಯನ್ನು ತಿಂದು ಅನಿಲವನ್ನೂ ಆಲ್ಕೋಹಾಲನ್ನೂ ಹೆಚ್ಚುಕಡಿಮೆ ಸಮತೂಕದಲ್ಲಿ ಬಿಡುತ್ತದೆ. ಹುದುಗುವಿಕೆ ಜೀವಂತ ಯೀಸ್ಟಿನ ಕೆಲಸ ಎಂದು ಪ್ರಯೋಗಗಳಿಂದ ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್.

● ಒಂದು ಲೀಟರ್ ಪಾನೀಯಕ್ಕೆ ಸಾಕಷ್ಟು ಗುಳ್ಳೆ ಬರಲು ಯೀಸ್ಟಿಗೆ ಬೇಕಾದದ್ದು ಸುಮಾರು 12 ಗ್ರಾಂ ಸಕ್ಕರೆ ಮಾತ್ರ. ನಾವು ಹಾಕುವುದು ರುಚಿಗಾಗಿ ಸುಮಾರು 100 ಗ್ರಾಂ. ಮಿಕ್ಕದ್ದನ್ನೂ ಯೀಸ್ಟ್ ತಿನ್ನತೊಡಗಿದರೆ ಬಾಟಲಿಯೊಳಗೆ ದ್ರವದ 25 ಪಟ್ಟು ಗಾತ್ರದ ಅನಿಲ ಹುಟ್ಟಬಲ್ಲದು. ಯಾವ ಬಾಟಲಿಯೂ ಅದನ್ನು ತಡೆಯಲಾರದು. ತಕ್ಕ ಹೊತ್ತಿಗೆ ಫ್ರಿಜ್ಜಿಗಿಡುವುದೇ ಈ ಕಲೆಯ ಅರ್ಧ.

● ಮಾಡುವ ಬಗೆ: ಎರಡು ಲೀಟರ್ ಸಿಹಿ ಹಣ್ಣಿನ ಪಾನೀಯ, ಉಗುರುಬೆಚ್ಚಗಿರುವಾಗ ಒಂದು ದೊಡ್ಡ ಚಿಟಿಕೆ ಒಣ ಯೀಸ್ಟ್. ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬಿ, ಮೇಲೆ ಮೂರು ಬೆರಳು ಜಾಗ ಬಿಟ್ಟು, ಬಿಗಿಯಾಗಿ ಮುಚ್ಚಿ. ನಾಲ್ಕಾರು ಗಂಟೆಗೊಮ್ಮೆ ಹಿಸುಕಿ ನೋಡಿ. ಬಾಟಲಿ ಕಲ್ಲಿನಂತೆ ಗಟ್ಟಿಯಾದ ಕ್ಷಣ ಫ್ರಿಜ್ಜಿಗೆ. ನಮ್ಮ ಬೇಸಿಗೆಯ ಸೆಕೆಗೆ ಒಂದು ದಿನದೊಳಗೇ ಆಗಿಬಿಡಬಹುದು, ಚಳಿಗಾಲದಲ್ಲಿ ಎರಡು ದಿನ ಹಿಡಿಯಬಹುದು.

● ಫ್ರಿಜ್ಜಿನ ಚಳಿ ಯೀಸ್ಟನ್ನು ಮಲಗಿಸುತ್ತದೆ, ಸಾಯಿಸುವುದಿಲ್ಲ. ವಾರದೊಳಗೆ ಕುಡಿದು ಮುಗಿಸಿ.

● ಹೀಗೆ ಮಾಡಿದ ಸೋಡಾದಲ್ಲಿ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುತ್ತದೆ. ಆದರೆ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಶೇಕಡಾ 0.5 ಮೀರಿದ್ದು ಆಲ್ಕೋಹಾಲ್ ಪಾನೀಯ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಯೀಸ್ಟ್ ಸೋಡಾ ಬೇಡ. ಅವರಿಗೆ ಪಾಕಕ್ಕೆ ಸೋಡಾ ಬೆರೆಸಿ ಕೊಡಿ.

● ಯೀಸ್ಟ್ ಕೊಳ್ಳದೆಯೂ ಆಗುತ್ತದೆ. ಹಣ್ಣುಗಳ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಇದ್ದೇ ಇರುತ್ತದೆ. ಮೆಕ್ಸಿಕೋದ ‘ಟೆಪಾಚೆ’ ಪಾನೀಯಕ್ಕೆ ಬೇಕಾದದ್ದು ಅನಾನಸ್ ಸಿಪ್ಪೆ, ಅಲ್ಲಿನ ಕಬ್ಬಿನ ಬೆಲ್ಲವಾದ ‘ಪಿಲೊನ್ಸಿಯೊ’, ದಾಲ್ಚಿನ್ನಿ, ನೀರು. ಬಟ್ಟೆ ಕಟ್ಟಿ ಎರಡು-ಮೂರು ದಿನ ಇಟ್ಟರೆ ನೊರೆಯೇಳುತ್ತದೆ. ಬನವಾಸಿ ಸೀಮೆಯ ಅನಾನಸ್ಸಿಗೆ ಜೋನಿ ಬೆಲ್ಲ ಹಾಕಿಯೂ ಮಾಡಬಹುದು. ಸಿಪ್ಪೆಯನ್ನು ಚೆನ್ನಾಗಿ ತೊಳೆದಿರಬೇಕು. ಬೂಷ್ಟು ಕಂಡರೆ ಇಡೀ ಪಾತ್ರೆ ಚೆಲ್ಲಬೇಕು.

● ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ ಸೋಡಾಕ್ಕೆ ‘ಜಿಂಜರ್ ಬಿಯರ್ ಗಿಡ’ ಎಂಬುದನ್ನು ಸಾಕುತ್ತಿದ್ದರು, ನೆರೆಹೊರೆಯವರಿಗೆ ಹಂಚುತ್ತಿದ್ದರು. ಅದು ಗಿಡವೇ ಅಲ್ಲ. ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಹೆಣೆದುಕೊಂಡ ಲೋಳೆಯಂಥ ಮುದ್ದೆ ಎಂದು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ 1892ರಲ್ಲಿ ವಿವರಿಸಿದರು.

ಬಾಟಲಿಯ ಜಾಗ್ರತೆ

● ಯೀಸ್ಟ್ ಸೋಡಾಕ್ಕೆ ಜಾಮ್, ಉಪ್ಪಿನಕಾಯಿ ತುಂಬಿದ್ದ ಗಾಜಿನ ಬಾಟಲಿ ಖಂಡಿತ ಬೇಡ. ಒತ್ತಡ ತಾಳದೆ ಸಿಡಿದರೆ ಗಾಜಿನ ಚೂರು ಕಣ್ಣಿಗೇ ಬರುತ್ತದೆ. ಕುಡಿಯುವ ನೀರಿನ ತೆಳು ಬಾಟಲಿಯೂ ಸಲ್ಲದು. ತಂಪು ಪಾನೀಯ ಬಂದಿದ್ದ ಪೆಟ್ ಬಾಟಲಿಯೇ ಸರಿ.

● ಆ ಪೆಟ್ ಬಾಟಲಿಯ ಪೇಟೆಂಟ್ 1973ರದು, ಪಡೆದವರು ಅಮೆರಿಕದ ಎಂಜಿನಿಯರ್ ನಥಾನಿಯಲ್ ವೈಯತ್. ಅದರಲ್ಲೂ ಒಂದು ಕೊರತೆ ಇದೆ. ಪೆಟ್ ಗೋಡೆಯ ಮೂಲಕ ಅನಿಲ ಮೆಲ್ಲಗೆ ಸೋರುತ್ತದೆ, ಗಾಜಿನಲ್ಲಿ ಸೋರುವುದಿಲ್ಲ.

● ಮುಚ್ಚಿದ ಬಾಟಲಿಗೆ ಡ್ರೈ ಐಸ್ ಹಾಕುವುದು ಬಾಂಬ್ ಕಟ್ಟಿದಂತೆ. ಮೈನಸ್ 78.5 ಡಿಗ್ರಿಯ ಆ ಗಡ್ಡೆ ನೇರ ಅನಿಲವಾಗಿ ಹಿಗ್ಗುತ್ತದೆ. ಕೈಗೆ, ಬಾಯಿಗೆ ತಾಕಿದರೂ ಗಾಯ.

● ಬೇಗ ತಣ್ಣಗಾಗಲಿ ಎಂದು ಸೋಡಾವನ್ನು ಫ್ರೀಜರಿನಲ್ಲಿಟ್ಟು ಮರೆಯಬೇಡಿ. ನೀರು ಹೆಪ್ಪುಗಟ್ಟಿದಾಗ ಗಾತ್ರ ಶೇಕಡಾ 9ರಷ್ಟು ಹೆಚ್ಚುತ್ತದೆ, ಅನಿಲಕ್ಕೆ ಜಾಗ ಉಳಿಯುವುದಿಲ್ಲ.

ನಮ್ಮ ನೆಲದ ಸೋಡಾ

● ಗೋಲಿ ಸೋಡಾದ ಬಾಟಲಿ ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದದ್ದು. ಇದಕ್ಕೆ ಮುಚ್ಚಳವಿಲ್ಲ. ಒಳಗಿನ ಅನಿಲವೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುತ್ತಿಗೆಯಲ್ಲಿರುವ ತಗ್ಗುಗಳು ಬಗ್ಗಿಸಿ ಸುರಿಯುವಾಗ ಗೋಲಿ ಅಡ್ಡ ಬರದಂತೆ ತಡೆಯುತ್ತವೆ.

● ಇದೇ ಬಾಟಲಿ ಜಪಾನಿನಲ್ಲೂ ಬದುಕಿದೆ. ಅಲ್ಲಿ ‘ರಾಮುನೆ’ ಎಂಬ ಹೆಸರಿನಲ್ಲಿ ನಿಂಬೆ ಸೋಡಾ ತುಂಬಿ ಮಾರುತ್ತಾರೆ.

● 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋದಾಗ ಸರ್ಕಾರಿ ಸ್ವಾಮ್ಯದ ಮಾಡರ್ನ್ ಫುಡ್ಸ್ ‘ಡಬಲ್ ಸೆವೆನ್’ ಎಂಬ ಪಾನೀಯ ತಂದಿತು. ಅದರ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ! ಆಗಿನ ಕೈಗಾರಿಕಾ ಸಚಿವ ಜಾರ್ಜ್ ಫರ್ನಾಂಡಿಸ್ ಅವರೂ ಮಂಗಳೂರಿನವರೇ.

● ಭಾರತದಲ್ಲಿ ‘ಕಾರ್ಬೊನೇಟೆಡ್ ಹಣ್ಣಿನ ಪಾನೀಯ’ ಎಂದು ಮಾರಲು ಕನಿಷ್ಠ ಶೇಕಡಾ 10 ಹಣ್ಣಿನ ರಸ ಇರಬೇಕು, ನಿಂಬೆಯಾದರೆ ಶೇಕಡಾ 5. ಮನೆಯ ಲೋಟದಲ್ಲಿ ಇದಕ್ಕಿಂತ ಹೆಚ್ಚು ರಸ ಸುಲಭವಾಗಿ ಸೇರಿಸಬಹುದು.

● ‘ಬೆಂಗಳೂರು ಬ್ಲೂ’ ದ್ರಾಕ್ಷಿಯ ಘಾಟು ಪರಿಮಳ ಅಮೆರಿಕದ ಲ್ಯಾಬ್ರಸ್ಕಾ ದ್ರಾಕ್ಷಿಯ ವಂಶದ್ದು. ಅಮೆರಿಕದ ದ್ರಾಕ್ಷಿ ಸೋಡಾಕ್ಕೆ ಮಾದರಿಯಾದ ಕಾಂಕರ್ಡ್ ದ್ರಾಕ್ಷಿಯೂ ಅದೇ ವಂಶದ್ದೇ. ಅಂದರೆ ಅಲ್ಲಿಯವರ ದ್ರಾಕ್ಷಿ ಸೋಡಾ ಮಾಡಲು ನಮ್ಮ ತಳ್ಳುಗಾಡಿಯ ಹಣ್ಣೇ ಸಾಕು.

● ಮಲೆನಾಡು, ಕರಾವಳಿಯವರಿಗೆ ಮುರುಗಲು ಅಥವಾ ಪುನರ್ಪುಳಿ ಇದ್ದರೆ ಬಣ್ಣವನ್ನೂ ಹುಳಿಯನ್ನೂ ಕೊಳ್ಳಬೇಕಾಗಿಲ್ಲ. ಒಣ ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಸೋಸಿ, ಸಕ್ಕರೆ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿದರೆ ಕೆಂಪು ಪಾಕ ತಯಾರು. ಜೀರಿಗೆ ಸೋಡಾವನ್ನೇ ಬಾಟಲಿಗೆ ತುಂಬಿ ‘ಬಿಂದು’ ಹೆಸರಿನಲ್ಲಿ ರಾಜ್ಯದ ಹೊರಗೂ ಮುಟ್ಟಿಸಿದ್ದು ದಕ್ಷಿಣ ಕನ್ನಡದ ಪುತ್ತೂರು.

● ದೇವನಹಳ್ಳಿ ಚಕ್ಕೋತಕ್ಕೂ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಎರಡರ ರಸವನ್ನೂ ಬೆರೆಸಿ ಸೋಡಾ ಸುರಿದು ನೋಡಿ, ಪ್ಯಾಕೆಟ್ಟಿನ ಎಸೆನ್ಸ್ ಪುಡಿ ಮರೆತುಹೋಗುತ್ತದೆ.

ನಾಲಿಗೆಗೂ ಹಲ್ಲಿಗೂ

● ಸೋಡಾದ ಚುರುಕು ಗುಳ್ಳೆ ಒಡೆಯುವುದರಿಂದಷ್ಟೇ ಬರುವುದಲ್ಲ. ಹುಳಿ ಗುರುತಿಸುವ ನಾಲಿಗೆಯ ಕೋಶಗಳ ಮೇಲಿರುವ ಒಂದು ಕಿಣ್ವ ಅನಿಲವನ್ನು ಆಮ್ಲವಾಗಿಸುತ್ತದೆ ಎಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಎತ್ತರದ ಬೆಟ್ಟ ಹತ್ತುವವರು ನುಂಗುವ ಅಸಿಟಜೋಲಮೈಡ್ ಮಾತ್ರೆ ಈ ಬಗೆಯ ಕಿಣ್ವವನ್ನು ತಡೆಯುತ್ತದೆ. ಅದನ್ನು ತೆಗೆದುಕೊಂಡವರಿಗೆ ಸೋಡಾ ಸಪ್ಪೆ!

● ಹಲ್ಲಿನ ಎನಾಮಲ್ ಸುಮಾರು 5.5 ಪಿಎಚ್‌ಗಿಂತ ಕೆಳಗೆ ಸವೆಯತೊಡಗುತ್ತದೆ. ಹಣ್ಣಿನ ಸೋಡಾ ಸಾಮಾನ್ಯವಾಗಿ 2.5ರಿಂದ 3.5ರ ಆಸುಪಾಸು. ಮನೆಯದಾದರೂ ಹುಳಿ ಹುಳಿಯೇ. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ತಕ್ಷಣ ಹಲ್ಲುಜ್ಜಬೇಡಿ, ಮೆತ್ತಗಾದ ಪದರ ಇನ್ನಷ್ಟು ಸವೆಯುತ್ತದೆ.

● ಅಂಗಡಿಯ ಸಿಹಿ ಸೋಡಾದಲ್ಲಿ 100 ಮಿ.ಲೀ.ಗೆ ಸಾಮಾನ್ಯವಾಗಿ 10-11 ಗ್ರಾಂ ಸಕ್ಕರೆ. 300 ಮಿ.ಲೀ. ಬಾಟಲಿಯೆಂದರೆ ಆರೇಳು ಚಮಚ. ಮನೆಯಲ್ಲಿ ಚಮಚ ನಿಮ್ಮ ಕೈಯಲ್ಲೇ ಇದೆ. ಮೂರಕ್ಕೇ ನಿಲ್ಲಿಸಬಹುದು.

ಹಾಗಾದರೆ ಯಾವ ದಾರಿ ಮೇಲು? ದಿನಬಳಕೆಗೆ ಹಣ್ಣಿನ ಪಾಕ ಮತ್ತು ತಣ್ಣನೆ ಸೋಡಾ, ಮಕ್ಕಳ ಕುತೂಹಲಕ್ಕೆ ಚಿಟಿಕೆ ಅಡಿಗೆ ಸೋಡಾ, ತಾಳ್ಮೆಯಿರುವ ದೊಡ್ಡವರಿಗೆ ಯೀಸ್ಟ್. ಈ ಬೇಸಿಗೆಯಲ್ಲಿ ನಿಮ್ಮೂರಿನ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಒಂದು ಹಣ್ಣು ಆರಿಸಿಕೊಳ್ಳಿ. ರಸವನ್ನು ಸೋಸಿ, ತಣಿಸಿ, ಆಮೇಲೆ ಸೋಡಾ ಸುರಿಯಿರಿ. ಈ ಮೂರನ್ನು ತಪ್ಪದೆ ಮಾಡಿದರೆ ಉಳಿದದ್ದನ್ನು ಹಣ್ಣೇ ನೋಡಿಕೊಳ್ಳುತ್ತದೆ.